ಸವಲತ್ತು ಎಲ್ಲಿ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ?

ಕಲ್ಯಾಣ ರಾಜ್ಯದ ಮಾತು ಬಂದರೆ ಸಾಕು, ಎಡದವರು ಕೊಡಿ ಅನ್ನುತ್ತಾರೆ, ಬಲದವರು ಬೇಡ ಅನ್ನುತ್ತಾರೆ ಎಂದು ಎರಡು ಸಾಲಲ್ಲಿ ಮುಗಿಸಿಬಿಡುತ್ತೇವೆ. ಇತಿಹಾಸ ಹಾಗಿಲ್ಲ. ಕಡ್ಡಾಯ ಸಾಮಾಜಿಕ ವಿಮೆಯನ್ನು ಇಡೀ ದೇಶಕ್ಕೆ ಮೊದಲು ತಂದವನು ಜರ್ಮನಿಯ ಬಿಸ್ಮಾರ್ಕ್, ಪಕ್ಕಾ ಸಂಪ್ರದಾಯವಾದಿ. 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದವನೇ 1883ರಲ್ಲಿ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ತಂದ. ಕಾರ್ಮಿಕರು ಸಮಾಜವಾದಿಗಳ ಕಡೆ ವಾಲಬಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಸಾಮಾಜಿಕ ವಿಮೆಯ ಬಗ್ಗೆ ಬ್ರಿಟನ್ನಿನ 1942ರ ಪ್ರಸಿದ್ಧ ವರದಿ ಬರೆದ ಬೆವರಿಜ್ ಲಿಬರಲ್, ಅಂದರೆ ಉದಾರವಾದಿ. ಅದನ್ನು ಬಹುಪಾಲು ಜಾರಿಗೆ ತಂದದ್ದು ಲೇಬರ್ ಸರ್ಕಾರ. ಆದಾಯ ಕಡಿಮೆ ಇದ್ದವರಿಗೆ ತೆರಿಗೆ ಇಲಾಖೆಯೇ ಹಣ ಕೊಡಲಿ ಎಂದು 1962ರಲ್ಲಿ ವಾದಿಸಿದ ಮಿಲ್ಟನ್ ಫ್ರೀಡ್‌ಮನ್ ಮುಕ್ತ ಮಾರುಕಟ್ಟೆಯ ಕಟ್ಟಾ ಬೆಂಬಲಿಗ.

ಹಾಗಾಗಿ ಒಂದು ಯೋಜನೆಯ ಸಿದ್ಧಾಂತ ಯಾವುದು ಎಂದು ತಿಳಿಯಬೇಕಾದರೆ ಭಾಷಣ ಕೇಳಬೇಡಿ, ಅದರ ನಿಯಮ ಓದಿ. ದುಡ್ಡು ಯಾರು ಹಾಕುತ್ತಾರೆ, ಯಾರಿಗೆ ಸಿಗುತ್ತದೆ, ಯಾವಾಗ ನಿಲ್ಲುತ್ತದೆ.

ಬಿಸ್ಮಾರ್ಕನ ಆರೋಗ್ಯ ವಿಮೆಯಲ್ಲಿ ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಸವಲತ್ತು ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಇಲ್ಲದವರು ಹೊರಗೆ. ಬೆವರಿಜ್ ಎಲ್ಲರಿಗೂ ಒಂದೇ ವಂತಿಗೆ, ಒಂದೇ ಮೊತ್ತ ಅಂದರು. ಕೇಳಲು ಸಮಾನತೆ. ಆದರೆ ವಂತಿಗೆ ಎಲ್ಲರಿಗೂ ಒಂದೇ ಅಂದಮೇಲೆ ಅದು ತೀರಾ ಬಡವನ ಕೈಗೂ ಎಟುಕುವಷ್ಟಿರಬೇಕು. ವಂತಿಗೆ ಅಷ್ಟೇ ಆದಾಗ ಕೊಡುವ ಮೊತ್ತವೂ ಸಣ್ಣದಾಗಿಯೇ ಉಳಿಯುತ್ತದೆ, ಅನುಕೂಲಸ್ಥರು ಖಾಸಗಿ ಪಿಂಚಣಿಯ ಕಡೆ ಹೋಗುತ್ತಾರೆ. ಸ್ವೀಡನ್ ಈ ಗಂಟನ್ನು ಬಿಚ್ಚಿದ್ದು ಎಲ್ಲರಿಗೂ ಇದ್ದ ಮೂಲ ಪಿಂಚಣಿಯ ಮೇಲೆ ದುಡಿಮೆಗೆ ತಕ್ಕ ಇನ್ನೊಂದು ಪಿಂಚಣಿ ಸೇರಿಸಿ. ಮಧ್ಯಮ ವರ್ಗ ಅದೇ ವ್ಯವಸ್ಥೆಯೊಳಗೆ ಉಳಿಯಿತು, ಅದಕ್ಕೆ ತೆರಿಗೆ ಕೊಡಲೂ ಒಪ್ಪಿತು. 1959ರಲ್ಲಿ ಆ ಮಸೂದೆ ಪಾಸಾದದ್ದು ಒಂದೇ ಒಂದು ಮತದಿಂದ, 115ಕ್ಕೆ 114.

ಮೂರನೆಯ ಪ್ರಶ್ನೆ, ಯಾವಾಗ ನಿಲ್ಲುತ್ತದೆ ಅನ್ನುವುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು, ಇದನ್ನೇ ನಾವು ಚರ್ಚಿಸುವುದಿಲ್ಲ. "ನಿಜವಾದ ಬಡವರಿಗೆ ಮಾತ್ರ ಕೊಡಿ" ಅನ್ನುವ ಮಾತು ಎಲ್ಲರಿಗೂ ಸರಿ ಕಾಣುತ್ತದೆ. ಹಾಗಂದ ಕ್ಷಣವೇ ಒಂದು ಗೆರೆ ಎಳೆಯಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಕಾಯಿಲೆಯವರನ್ನು, ಅಂಗವಿಕಲರನ್ನು ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರಿಗೆ ಒಂದು ಭತ್ಯೆ ಇದೆ. 2024-25ರಲ್ಲಿ ಅದು ವಾರಕ್ಕೆ 81.90 ಪೌಂಡ್. ಜೊತೆಗೆ ಬೇರೆ ಕೆಲಸ ಮಾಡಬಹುದು, ಆದರೆ ಆ ವರ್ಷ ಖರ್ಚು-ತೆರಿಗೆ ಕಳೆದ ಗಳಿಕೆ ವಾರಕ್ಕೆ 151 ಪೌಂಡ್ ದಾಟಬಾರದಿತ್ತು. 151 ಗಳಿಸಿದರೆ ಭತ್ಯೆ ಪೂರ್ತಿ, 152 ಗಳಿಸಿದರೆ ಸೊನ್ನೆ. ಒಂದು ಪೌಂಡ್ ಹೆಚ್ಚು ದುಡಿದದ್ದಕ್ಕೆ 81.90 ಕೈಬಿಟ್ಟಿತು. ಇಲಾಖೆ ಅದನ್ನು ತಡವಾಗಿ ಗಮನಿಸಿದರೆ ಅಷ್ಟೂ ವಾರಗಳ ಹಣ ಸಾಲವಾಗಿ ತಲೆಯ ಮೇಲೆ ಬರುತ್ತದೆ. ಇಂಥ ಸಾಲ ಎಷ್ಟೋ ಜನರ ಮೇಲೆ ಸಾವಿರಾರು ಪೌಂಡ್‌ವರೆಗೂ ಏರಿದೆ. ಇದರಲ್ಲಿ ಅವರ ಮೋಸ ಹುಡುಕುವುದು ಅನ್ಯಾಯ. ನಿಯಮವನ್ನೇ ಹಾಗೆ ಬರೆಯಲಾಗಿದೆ.

ಒಮ್ಮೆಲೇ ನಿಲ್ಲಿಸುವ ಬದಲು ಹಂತಹಂತವಾಗಿ ಇಳಿಸಬಹುದು. ಕಡಿಮೆ ಆದಾಯದವರಿಗೆ ಸಿಗುವ ಅಲ್ಲಿನದೇ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆ ಹಾಗಿದೆ: ವಿನಾಯಿತಿಯ ಮೇಲೆ ಕೈಗೆ ಬರುವ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ (2021ರ ಕೊನೆಯವರೆಗೆ 63 ಇತ್ತು). ಇದು ಎಷ್ಟೋ ವಾಸಿ. ಆದರೂ ಲೆಕ್ಕ ಹಾಕಿ ನೋಡಿ. ತೆರಿಗೆ ಮಿತಿ ದಾಟಿದ ಕಾರ್ಮಿಕ 100 ಪೌಂಡ್ ಹೆಚ್ಚು ದುಡಿದರೆ 20 ಆದಾಯ ತೆರಿಗೆ, 8 ರಾಷ್ಟ್ರೀಯ ವಿಮೆಯ ವಂತಿಗೆ. ಉಳಿದ 72ರಲ್ಲಿ 55 ಶೇಕಡಾ ಹೋಗಿ ಕೈಯಲ್ಲಿ ನಿಲ್ಲುವುದು 32 ಪೌಂಡ್ ಚಿಲ್ಲರೆ. ವರ್ಷಕ್ಕೆ 1,25,140 ಪೌಂಡ್ ಮೀರಿ ಸಂಬಳ ಪಡೆಯುವವರಿಗೆ ಅದೇ ಹೆಚ್ಚಿನ 100ರಲ್ಲಿ 53 ಉಳಿಯುತ್ತದೆ. ಬಡವರು ದುಡಿಯಲು ಮನಸ್ಸು ಮಾಡುವುದಿಲ್ಲ ಎಂದು ದೂರುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಗೆರೆ ಎಳೆದ ಮೇಲೆ ಕಾವಲು ಬೇಕು. ಹೆಚ್ಚಾಗಿ ಕೊಟ್ಟ ಭತ್ಯೆಯನ್ನು ಕಂಪ್ಯೂಟರ್ ಲೆಕ್ಕದಿಂದ ವಸೂಲಿ ಮಾಡಲು ಹೊರಟ ಆಸ್ಟ್ರೇಲಿಯಾದ ರೋಬೋಡೆಟ್ ಯೋಜನೆ ಕೆಟ್ಟದ್ದು ಇಲ್ಲಿಯೇ. ಅಲ್ಲಿ ನಿರುದ್ಯೋಗ ಭತ್ಯೆಯ ಲೆಕ್ಕ ಎರಡು ವಾರಕ್ಕೊಮ್ಮೆ. ತೆರಿಗೆ ಇಲಾಖೆಯ ಬಳಿ ಇರುವುದು ವರ್ಷದ ಆದಾಯ. ಕಂಪ್ಯೂಟರ್ ವರ್ಷದ ಮೊತ್ತವನ್ನು 26ರಿಂದ ಭಾಗಿಸಿತು. ಮೊದಲ 13 ಕಂತು ತಲಾ 2,000 ಡಾಲರ್ ದುಡಿದು, ಕೆಲಸ ಹೋದ ಮೇಲಿನ 13 ಕಂತು ಭತ್ಯೆ ಪಡೆದವರನ್ನು ಊಹಿಸಿಕೊಳ್ಳಿ. ಸರಾಸರಿ ತೆಗೆದರೆ ಎಲ್ಲ ಕಂತಿಗೂ 1,000 ಡಾಲರ್ ಆದಾಯ. ಅಂದರೆ ಕೆಲಸವೇ ಇಲ್ಲದಿದ್ದಾಗಲೂ ಗಳಿಸುತ್ತಿದ್ದರು, ಸುಳ್ಳು ಹೇಳಿ ಭತ್ಯೆ ತಗೊಂಡರು ಎಂದಾಯಿತು. ತಪ್ಪಿಲ್ಲ ಎಂದು ತೋರಿಸಲು ವರ್ಷಗಳ ಹಿಂದಿನ ಸಂಬಳದ ಚೀಟಿ ತರಬೇಕಾದವರು ಅವರೇ. ಈ ಸಾಲಗಳಿಗೆ ಕಾನೂನಿನ ಆಧಾರವಿಲ್ಲ ಎಂದು 2019ರಲ್ಲಿ ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು.

ಅದಕ್ಕೇ ನನ್ನ ನಿಲುವು ಸ್ಪಷ್ಟ: ಮಕ್ಕಳ ಭತ್ಯೆ, ಚಿಕಿತ್ಸೆ, ಮೂಲ ಪಿಂಚಣಿ ಇಂಥವನ್ನು ಎಲ್ಲರಿಗೂ ಕೊಡಿ, ಉಳ್ಳವರಿಂದ ತೆರಿಗೆಯಲ್ಲಿ ವಾಪಸ್ ತಗೊಳ್ಳಿ. ಶ್ರೀಮಂತರ ಮಕ್ಕಳಿಗೂ ಯಾಕೆ ಅಂದರೆ, ಅವರ ಅಪ್ಪಂದಿರ ಆದಾಯ ತೆರಿಗೆ ಇಲಾಖೆಗೆ ಈಗಾಗಲೇ ಗೊತ್ತು. ಬಡವರ ಮನೆಯ ಆದಾಯ ಪತ್ತೆಹಚ್ಚಲು ಇನ್ನೊಂದು ಇಲಾಖೆ ಬೇಕು. ಅರ್ಜಿ ಹಾಕಲು ಗೊತ್ತಾಗದೆ, ಇಲ್ಲವೇ ನಾಚಿಕೆಯಿಂದ, ಅರ್ಹರೇ ಹೊರಗುಳಿಯುವುದೂ ಕಡಿಮೆಯಾಗುತ್ತದೆ.

ಆದರೆ ವಾಪಸ್ ತಗೊಳ್ಳುವುದು ಮಾಮೂಲಿ ತೆರಿಗೆ ದರದಲ್ಲೇ ಆಗಬೇಕು, ಅದಕ್ಕೆಂದು ಹೊಸ ಗೆರೆ ಎಳೆದರೆ ಮತ್ತೆ ಅದೇ ಪಾಡು. ಬ್ರಿಟನ್ 2013ರಲ್ಲಿ ಮಕ್ಕಳ ಭತ್ಯೆಗೆ ಹಾಗೇ ಮಾಡಿತು: ತಂದೆ-ತಾಯಿಯಲ್ಲಿ ಒಬ್ಬರ ಆದಾಯ 50,000 ಪೌಂಡ್ ದಾಟಿದರೆ ಕಡಿತ ಶುರು, 60,000ಕ್ಕೆ ಪೂರ್ತಿ ವಾಪಸ್. ಇಬ್ಬರೂ ತಲಾ 49,000 ದುಡಿದು ಮನೆಗೆ 98,000 ತಂದರೆ ಭತ್ಯೆ ಹಾಗೇ ಉಳಿಯುತ್ತಿತ್ತು. ಒಬ್ಬರೇ 60,000 ದುಡಿಯುವ ಮನೆ ಅಷ್ಟನ್ನೂ ಕಳೆದುಕೊಂಡಿತು. 2024ರಲ್ಲಿ ಮಿತಿ 60,000 ಮತ್ತು 80,000ಕ್ಕೆ ಏರಿತು, ಒಬ್ಬರ ಆದಾಯ ನೋಡುವ ಪದ್ಧತಿ ಹಾಗೇ ಉಳಿದಿದೆ. ಹೇಗೂ ವಾಪಸ್ ಕಟ್ಟಬೇಕಲ್ಲ ಎಂದು ಅರ್ಜಿಯನ್ನೇ ಹಾಕದ ಮನೆಗಳಲ್ಲಿ ಇನ್ನೊಂದು ನಷ್ಟವೂ ಆಯಿತು. ಮಗುವಿಗೆ 12 ತುಂಬುವವರೆಗೆ ಮನೆಯಲ್ಲಿದ್ದು ನೋಡಿಕೊಳ್ಳುವವರ ಪಿಂಚಣಿಗೆ ಸೇರುವ ವರ್ಷಗಳು ಜಮೆಯಾಗುವುದು ಅದೇ ಅರ್ಜಿಯಿಂದ. ದುಡಿಯುವ ಗಂಡನ ಸಂಬಳ ಹೆಚ್ಚೆಂದು ಅರ್ಜಿ ಬಿಟ್ಟ ತಾಯಂದಿರ ಲೆಕ್ಕದಲ್ಲಿ ಆ ವರ್ಷಗಳು ಖಾಲಿ ಉಳಿದವು.