ಯಾವ ಪಾಟೀಲರು?

2023ರ ಮೇ 13. ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ. ಧಾರವಾಡದ ನಮ್ಮ ಓಣಿಯ ಚಹಾದಂಗಡಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಗೋಡೆಯ ಮೇಲಿನ ಟಿವಿಯ ಬುಡದಲ್ಲಿ ಅಕ್ಷರಗಳು ಓಡುತ್ತಿದ್ದವು: ‘ಪಾಟೀಲ ಮುನ್ನಡೆ’. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, ಅಂಗಡಿಯಲ್ಲಿದ್ದ ಎಲ್ಲರಿಗೂ ತಮ್ಮ ಲೆಕ್ಕದಲ್ಲಿ ಚಹಾ ಕೊಡುವಂತೆ ಹೇಳಿದರು. ಮರುಗಳಿಗೆಯಲ್ಲಿ ಇನ್ನೊಂದು ಸಾಲು ಬಂತು: ‘ಪಾಟೀಲ ಹಿನ್ನಡೆ’. ಹಿರಿಯರು ಮೆಲ್ಲಗೆ ಕುಳಿತರು. ಕಿಟ್ಲಿ ಎತ್ತಿದ್ದ ಅಂಗಡಿಯವನು ಅದನ್ನು ಹಾಗೆಯೇ ಹಿಡಿದುಕೊಂಡು ಕೇಳಿದ: “ಯಾವ ಪಾಟೀಲರು?”

ಯಾರೂ ಉತ್ತರಿಸಲಿಲ್ಲ. ಚಹಾ ಅರ್ಧ ಗಂಟೆ ತಡವಾಯಿತು.

ಹುಬ್ಬಳ್ಳಿಯಿಂದ ಬೀದರಿನವರೆಗೆ ರಾಜಕೀಯದ ಮಾತು ಆರಂಭವಾಗುವುದೇ ಈ ಪ್ರಶ್ನೆಯಿಂದ. ಕೆಲವು ಕಡೆ ಉತ್ತರ ಸಿಕ್ಕಿದರೂ ಪ್ರಯೋಜನವಿಲ್ಲ. ಕುಷ್ಟಗಿಯನ್ನೇ ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಅಮರೇಗೌಡ ಪಾಟೀಲ ಬಯ್ಯಾಪುರ ಗೆದ್ದರು, ಬಿಜೆಪಿಯ ದೊಡ್ಡನಗೌಡ ಪಾಟೀಲ ಸೋತರು. 2023ರಲ್ಲಿ ದೊಡ್ಡನಗೌಡ ಪಾಟೀಲ ಗೆದ್ದರು, ಅಮರೇಗೌಡ ಪಾಟೀಲ ಸೋತರು. ಹುಮನಾಬಾದಿನಲ್ಲಿ ಅದೇ ವರ್ಷ ರಾಜಶೇಖರ ಪಾಟೀಲರನ್ನು ಸಿದ್ದು ಪಾಟೀಲರು ಸೋಲಿಸಿದರು. ಇಂಥ ಕ್ಷೇತ್ರಗಳಲ್ಲಿ ‘ಪಾಟೀಲರಿಗೆ ಜಯ’ ಎಂಬ ತಲೆಬರಹವನ್ನು ಮತದಾನಕ್ಕೆ ಮೊದಲೇ ಅಚ್ಚು ಹಾಕಿಡಬಹುದು. ‘ಪಾಟೀಲರಿಗೆ ಸೋಲು’ ಎಂಬುದನ್ನೂ ಅದರ ಪಕ್ಕದಲ್ಲಿಯೇ ಇಡಬೇಕು, ಅಷ್ಟೇ.

ಆ ಚುನಾವಣೆಯ ನಂತರ ಬಂದ ಸಂಪುಟದಲ್ಲಿ ನಾಲ್ವರು ಪಾಟೀಲರು: ಕಾನೂನಿಗೆ ಎಚ್.ಕೆ. ಪಾಟೀಲ, ಕೈಗಾರಿಕೆಗೆ ಎಂ.ಬಿ. ಪಾಟೀಲ, ಜವಳಿ ಮತ್ತು ಸಕ್ಕರೆಗೆ ಶಿವಾನಂದ ಪಾಟೀಲ, ವೈದ್ಯಕೀಯ ಶಿಕ್ಷಣಕ್ಕೆ ಶರಣಪ್ರಕಾಶ ಪಾಟೀಲ. ಅದಕ್ಕೆ ಹಿಂದಿನ ಬೊಮ್ಮಾಯಿಯವರ ಸಂಪುಟದಲ್ಲಿ ನರಗುಂದದ ಸಿ.ಸಿ. ಪಾಟೀಲರಿಗೆ ಲೋಕೋಪಯೋಗಿ, ಹಿರೇಕೆರೂರಿನ ಬಿ.ಸಿ. ಪಾಟೀಲರಿಗೆ ಕೃಷಿ. ನಡುವೆ ಒಂದೇ ಅಕ್ಷರದ ಅಂತರ. ಅಚ್ಚಿನ ಮನೆಯಲ್ಲಿ ಬೆರಳು ತುಸು ಜಾರಿದರೆ ರಸ್ತೆಯ ಡಾಂಬರು ರೈತನ ಹೊಲಕ್ಕೆ ಬಿದ್ದಂತೆಯೇ.

ಈ ಹೆಸರಿನ ಮೇಲೆ ನನಗೆ ಇಷ್ಟೇಕೆ ಕಣ್ಣು ಎಂದು ಹೇಳಿಬಿಡುತ್ತೇನೆ. ನಾನು ಕುಲಕರ್ಣಿ. ಊರಿಗೊಬ್ಬ ಪಾಟೀಲ ಇದ್ದ ಕಾಲದಲ್ಲಿ ಅವನ ಪಕ್ಕದಲ್ಲಿ ದಫ್ತರ ಹಿಡಿದು ಕುಳಿತಿರುತ್ತಿದ್ದವನು ಕುಲಕರ್ಣಿ. ಪಾಟೀಲ ಕಂದಾಯ ಎತ್ತುತ್ತಿದ್ದ, ಜಗಳ ಬಿಡಿಸುತ್ತಿದ್ದ, ಗದರಿಸುತ್ತಿದ್ದ. ಕುಲಕರ್ಣಿ ಅದನ್ನೆಲ್ಲ ಬರೆದಿಡುತ್ತಿದ್ದ. ನಾನು ಇವತ್ತು ಮಾಡುತ್ತಿರುವುದೂ ಅದೇ ಕೆಲಸ. ರಕ್ತ ಸುಮ್ಮನಿರುವುದಿಲ್ಲ.

ಹಳೆಯ ತಾಮ್ರಪಟಗಳಲ್ಲಿ ‘ಪಟ್ಟಕಿಲ’ ಎಂಬ ಶಬ್ದ ಬರುತ್ತದೆ. ಅದೇ ಸವೆದು ಗುಜರಾತಿನಲ್ಲಿ ಪಟೇಲ, ಮಹಾರಾಷ್ಟ್ರದಲ್ಲಿಯೂ ನಮ್ಮಲ್ಲಿಯೂ ಪಾಟೀಲ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಅದು ಮನೆತನದ ಹೆಸರಾಗಿರಲಿಲ್ಲ, ಹುದ್ದೆಯಾಗಿತ್ತು. ಕನ್ನಡದಲ್ಲಿ ಆ ಹುದ್ದೆಗೆ ಗೌಡಕಿ ಎನ್ನುತ್ತಿದ್ದರು. ಆದುದರಿಂದಲೇ ಮುಂದೆ ಬಸನಗೌಡ, ಹಿಂದೆ ಪಾಟೀಲ. ಒಂದೇ ಕೆಲಸ, ಎರಡು ಭಾಷೆಯಲ್ಲಿ ಎರಡು ರುಜು. ನಿಜಾಮರ ಸೀಮೆಯಲ್ಲಿ ಆ ಕೆಲಸವನ್ನೂ ಸೀಳಿ, ವಸೂಲಿಗೆ ಮಾಲಿ ಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ ಎಂದು ಇಬ್ಬರನ್ನು ಮಾಡಿದ್ದರು. ಕಲಬುರಗಿ, ರಾಯಚೂರಿನ ಕಡೆ ಇವೆರಡೂ ಇಂದಿಗೆ ಅಡ್ಡಹೆಸರುಗಳೇ. ಬಿ.ಸಿ. ಪಾಟೀಲರಂತೂ ಮೊದಲು ಪೊಲೀಸ್ ಇಲಾಖೆಯಲ್ಲಿದ್ದು ಆಮೇಲೆ ಸಿನಿಮಾದಲ್ಲಿ ಕೌರವನಾದವರು. ಅಕ್ಷರಶಃ ಪೊಲೀಸ್ ಪಾಟೀಲ.

1961ರ ಕಾಯ್ದೆಯೊಂದು ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೆಲ್ಲ ರದ್ದುಪಡಿಸಿತು. ಗೌಡಕಿ ಹೋಯಿತು, ಕುಲಕರ್ಣಿಕಿ ಹೋಯಿತು, ಹುದ್ದೆಗೆಂದು ಕೊಟ್ಟಿದ್ದ ವತನದ ಭೂಮಿಯ ಲೆಕ್ಕಾಚಾರ ಬೇರೆ ಆಯಿತು. ದಫ್ತರ ಕಿತ್ತುಕೊಂಡ ಸರ್ಕಾರ ಹೆಸರನ್ನು ಮಾತ್ರ ನಮ್ಮ ಬಳಿಯೇ ಬಿಟ್ಟಿತು. ಬಹುಶಃ ಅದರಿಂದೇನಾದೀತು ಎಂದುಕೊಂಡಿರಬೇಕು.

ಹುದ್ದೆ ಇದ್ದಾಗ ಪಾಟೀಲ ಊರಿಗೊಬ್ಬನೋ ಇಬ್ಬರೋ. ಹುದ್ದೆ ಹೋದ ಮೇಲೆ ಅವನ ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು, ಅವರ ಮೊಮ್ಮಕ್ಕಳು ಎಲ್ಲರೂ ಪಾಟೀಲರಾದರು. ಲಿಂಗಾಯತರಲ್ಲಿ ಪಾಟೀಲರು, ಜೈನರಲ್ಲಿ ಪಾಟೀಲರು, ಮರಾಠರಲ್ಲಿ, ಮುಸಲ್ಮಾನರಲ್ಲಿ ಕೂಡ ಪಾಟೀಲರು. ಹೆಸರು ಕೇಳಿ ಜಾತಿ ಊಹಿಸುವ ನಮ್ಮ ಜನರ ಹಳೆಯ ಚಟಕ್ಕೆ ಇಷ್ಟು ಚೆನ್ನಾಗಿ ಕೈಕೊಡುವ ಹೆಸರು ಇನ್ನೊಂದಿಲ್ಲ. ಒಂದಿದೆ, ನನ್ನದು. ಧಾರವಾಡದಲ್ಲಿ ರಾಜಕಾರಣಿ ವಿನಯ ಕುಲಕರ್ಣಿಯವರ ಹೆಸರು ಮೊದಲು ಕೇಳಿದ ದಕ್ಷಿಣದ ಗೆಳೆಯರೊಬ್ಬರು ಅವರನ್ನು ನಮ್ಮ ದಾಯಾದಿಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಅವರು ಲಿಂಗಾಯತರು ಎಂದು ತಿಳಿಸಿ ಹೇಳಲು ನನಗೆ ಒಂದು ಪ್ಲೇಟ್ ಮಿರ್ಚಿ ಖರ್ಚಾಯಿತು.

ಇಷ್ಟು ಜನ ಪಾಟೀಲರಾದ ಮೇಲೆ ಗುರುತು ಹಿಡಿಯುವುದು ಹೇಗೆ? ಮೊದಲ ಉಪಾಯ ಇನಿಷಿಯಲ್. ಆದರೆ ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿದೆಯಲ್ಲ, ಅದು ಈ ಉಪಾಯದ ಜೊತೆ ಚೆಲ್ಲಾಟವಾಡುತ್ತದೆ. ಸಹಕಾರ ರಂಗದ ಧುರೀಣ, ‘ಹುಲಕೋಟಿ ಹುಲಿ’ ಎಂದೇ ಹೆಸರಾಗಿದ್ದವರು ಕೆ.ಎಚ್. ಪಾಟೀಲ. ಅವರ ಮಗ ಎಚ್.ಕೆ. ಪಾಟೀಲ. ವಿಜಯಪುರದ ಕಡೆ ತಂದೆ ಬಿ.ಎಂ. ಪಾಟೀಲ, ಮಗ ಎಂ.ಬಿ. ಪಾಟೀಲ. ಅಕ್ಷರಗಳು ಅವೇ, ತಿರುವುಮುರುವು. ಮೂರನೆಯ ತಲೆಮಾರಿನಲ್ಲಿ ಇನ್ನೊಮ್ಮೆ ತಿರುವಿದರೆ ಅಜ್ಜನೇ ಎದ್ದು ಬಂದು ನಾಮಪತ್ರ ಸಲ್ಲಿಸಿದಂತಾಗುತ್ತದೆ. ಇನ್ನು ಬಿ.ಆರ್. ಪಾಟೀಲ ಎಂದರೆ ಆಳಂದದ ಭೋಜರಾಜ ರಾಮಚಂದ್ರಪ್ಪ ಪಾಟೀಲ. ಆದರೆ ಕಿತ್ತೂರು ಸೀಮೆಯ ರೈತ ನಾಯಕ, ವಾಜಪೇಯಿಯವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಾಬಾಗೌಡ ರುದ್ರಗೌಡ ಪಾಟೀಲರೂ ಬಿ.ಆರ್. ಪಾಟೀಲರೇ. ವಿಜಯಪುರದ ಬಸನಗೌಡ ರಾಮನಗೌಡ ಪಾಟೀಲರೂ ಲೆಕ್ಕಕ್ಕೆ ಬಿ.ಆರ್. ಪಾಟೀಲರೇ. ಅವರು ಹಾಗೆ ಬರೆದುಕೊಳ್ಳದೆ ಹೆಸರಿನ ಕೊನೆಗೆ ಯತ್ನಾಳ ಎಂದು ಊರನ್ನು ಸೇರಿಸಿಕೊಂಡರು. ಈಗ ಪಾಟೀಲ ಉದುರಿ ಯತ್ನಾಳ ಮಾತ್ರ ಉಳಿದಿದೆ.

ಊರು ಸೇರಿಸುವುದು ಎರಡನೆಯ ಉಪಾಯ. ಬಸವರಾಜ ಪಾಟೀಲ ಸೇಡಂ, ಬಸವರಾಜ ಪಾಟೀಲ ಹುಮನಾಬಾದ್, ಬಸವರಾಜ ಪಾಟೀಲ ಅನ್ವರಿ. ಊರನ್ನು ಬಿಟ್ಟು ಓದಿದರೆ ಮೂವರೂ ಒಬ್ಬರೇ. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಒಂದು ಕಾಲದಲ್ಲಿ ಊರಿಗೆ ಊರೇ ‘ಇದು ಇಂಥ ಪಾಟೀಲರ ಊರು’ ಎಂದು ಗುರುತು ಹೇಳಿಕೊಳ್ಳುತ್ತಿತ್ತು. ಈಗ ಪಾಟೀಲರು ಊರಿನ ಕೈ ಹಿಡಿದುಕೊಂಡು, ‘ನಾನು ಇಂಥ ಊರಿನವನು’ ಎಂದು ಹೇಳಬೇಕಾಗಿದೆ. ಮಹಾರಾಷ್ಟ್ರದವರು ಮನೆತನದ ಹೆಸರನ್ನೇ ಮುಂದೆ ತಂದು ವಿಖೆ ಪಾಟೀಲ, ವಳಸೆ ಪಾಟೀಲ ಎಂದು ಬೇರೆ ದಾರಿ ಹಿಡಿದಿದ್ದಾರೆ.

ಊರು ಹೇಳಿದರೂ ಬಗೆಹರಿಯದ ಪ್ರಸಂಗಗಳುಂಟು. ಶಿವರಾಜ ಪಾಟೀಲ ಎಂದರೆ ಯಾರು? ಲಾತೂರಿನವರು, ಲೋಕಸಭೆಯ ಸ್ಪೀಕರ್ ಆಗಿದ್ದು ಮುಂದೆ ಗೃಹ ಸಚಿವರಾದವರು. ರಾಯಚೂರಿನವರು ಎಂದರೆ? ಒಬ್ಬರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ಇನ್ನೊಬ್ಬರು ರಾಯಚೂರು ನಗರದ ಶಾಸಕರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆ ಬೇರೆಯಾಗಿ ಇಡಬೇಕೆಂದು ಸಂವಿಧಾನ ಹೇಳಿದ್ದೇನೋ ಸರಿ. ಶಿವರಾಜ ಪಾಟೀಲ ಎಂಬ ಹೆಸರು ಅದನ್ನು ಓದಿಕೊಂಡಂತಿಲ್ಲ.

ಲಾತೂರಿನ ಶಿವರಾಜ ಪಾಟೀಲರ ನೆನಪಾದಾಗ 2008ರ ನವೆಂಬರ್ ಕೂಡ ನೆನಪಾಗುತ್ತದೆ. ಮುಂಬೈ ದಾಳಿಯ ಬಳಿಕ ದೆಹಲಿಯಲ್ಲಿ ಗೃಹ ಸಚಿವ ಪಾಟೀಲರು ರಾಜೀನಾಮೆ ಕೊಟ್ಟರು. ಅದರ ಬೆನ್ನಿಗೆ ಮುಂಬೈಯಲ್ಲಿ ರಾಜ್ಯದ ಗೃಹ ಸಚಿವ ಆರ್.ಆರ್. ಪಾಟೀಲರೂ ಕೊಟ್ಟರು. ಅಂದು ರಾಷ್ಟ್ರಪತಿ ಭವನದಲ್ಲಿದ್ದವರು ಪ್ರತಿಭಾ ಪಾಟೀಲರು. ಆ ವಾರದ ಪತ್ರಿಕೆಗಳನ್ನು ನಮ್ಮ ಚಿಕ್ಕಪ್ಪ ಕನ್ನಡಕ ಒರೆಸಿ ಒರೆಸಿ ಓದಿದ್ದು ನನ್ನ ಕಣ್ಣಮುಂದಿದೆ.

ಅದೇ ಮುಂಬೈಯಲ್ಲಿ ಇನ್ನೂ ಹಿಂದೆ ಎಸ್.ಕೆ. ಪಾಟೀಲರಿದ್ದರು, ಯಾರೂ ಅಲ್ಲಾಡಿಸಲಾಗದ ಕಾಂಗ್ರೆಸ್ ಧಣಿ. 1967ರಲ್ಲಿ ಅವರನ್ನು ಅಲ್ಲಾಡಿಸಿದವನು ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್. ಹನ್ನೊಂದು ವರ್ಷಗಳ ನಂತರ, 1978ರ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು ಮತ್ತೊಬ್ಬ ಪಾಟೀಲರು, ಚಿಂಚೋಳಿಯ ವೀರೇಂದ್ರ ಪಾಟೀಲ. ನಮ್ಮ ಮನೆಯ ಹಿರಿಯರ ಪಾಲಿಗೆ ಬಿಡಿಯಾಗಿ ‘ಪಾಟೀಲರು’ ಎಂದರೆ ಅವರೇ. ಇನಿಷಿಯಲ್ ಬೇಡ, ಊರು ಬೇಡ. ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ ಲವಕುಶರೆಂದೇ ಹೆಸರಾದ ಇಬ್ಬರು ಶಿಷ್ಯರಲ್ಲಿ ಒಬ್ಬರು ರಾಮಕೃಷ್ಣ ಹೆಗಡೆ, ಒಬ್ಬರು ಪಾಟೀಲ. ಇಂದಿರಾ ಅವರ ಎದುರು ಸೋತವರು ಮುಂದೆ ಅವರದೇ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ 224ರಲ್ಲಿ 178 ಸ್ಥಾನಗಳನ್ನು ಗೆದ್ದ ಪಕ್ಷದ ಮುಖ್ಯಮಂತ್ರಿಯಾದರು. ಮರುವರ್ಷ ಕಾಯಿಲೆ ಬಿದ್ದಿದ್ದಾಗ, ಅವರ ಬದಲಾವಣೆಯ ಮಾತನ್ನು ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೇಳಿ ಹೊರಟುಹೋದರು. ನಮ್ಮ ಚಿಕ್ಕಪ್ಪ ಆ ದಿನ ಊಟ ಮಾಡಲಿಲ್ಲ. ಅವರೇನೂ ಪಾಟೀಲರ ಪಕ್ಷದವರಲ್ಲ. “ಗೌಡರಿಗೆ ಹೀಗೆ ದಾರಿಯಲ್ಲಿ ನಿಂತು ಹೇಳುವುದಲ್ಲ” ಎಂದಷ್ಟೇ ಗೊಣಗಿದರು. ದಫ್ತರ ಹೋಗಿ ಮೂವತ್ತು ವರ್ಷವಾಗಿದ್ದರೂ ಕುಲಕರ್ಣಿಯ ಮನಸ್ಸಿನಲ್ಲಿ ಪಾಟೀಲ ಇನ್ನೂ ಚಾವಡಿಯ ಮೇಲೆಯೇ ಕುಳಿತಿದ್ದ.

ತುಂಗಭದ್ರೆ ದಾಟಿದರೆ ಈ ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ. ಇಲ್ಲಿಯ ಪಾಟೀಲ ಬೆಂಗಳೂರಿನ ಬಾಯಿಯಲ್ಲಿ ಪಾಟೀಲ್. ಕೊನೆಯ ಅಕ್ಷರದ ಸ್ವರವನ್ನು ವಿಧಾನಸೌಧದ ಬಾಗಿಲಲ್ಲಿ ಯಾರೋ ತೆಗೆದಿಟ್ಟುಕೊಳ್ಳುತ್ತಾರೆ. ದಾವಣಗೆರೆ ಸೀಮೆಯವರು ಪಟೇಲರು, ಅವರಲ್ಲಿ ಜೆ.ಎಚ್. ಪಟೇಲರು 1967ರಲ್ಲಿಯೇ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದವರು. ಬರಹಗಾರರು ಮಾತ್ರ ಈ ಹೆಸರನ್ನು ಚೆನ್ನಾಗಿ ಪಳಗಿಸಿದರು. ಪಾಟೀಲ ಪುಟ್ಟಪ್ಪನವರು ಅದನ್ನು ಮುಂದಕ್ಕೆ ತಂದು ಪಾಪು ಆದರು. ಚಂದ್ರಶೇಖರ ಪಾಟೀಲರು ಚಂಪಾ ಆದರು. ಇಡೀ ಗೌಡಕಿಯನ್ನು ‘ಪಾ’ ಎಂಬ ಒಂದು ಅಕ್ಷರಕ್ಕೆ ಇಳಿಸಿದ ಈ ಇಬ್ಬರನ್ನು ಯಾರೂ ‘ಯಾವ ಪಾಟೀಲರು’ ಎಂದು ಕೇಳಲಿಲ್ಲ.

ನಮ್ಮ ನರಗುಂದ, ನವಲಗುಂದದ ರೈತರು ಮಹದಾಯಿ ನೀರಿಗಾಗಿ ಎಷ್ಟೋ ಪಾಟೀಲರ ಕಡೆ ಕತ್ತೆತ್ತಿ ನೋಡಿದ್ದಾರೆ. 2013ರಿಂದ 2018ರವರೆಗೆ ರಾಜ್ಯದ ಜಲಸಂಪನ್ಮೂಲ ಸಚಿವರು ಎಂ.ಬಿ. ಪಾಟೀಲ. 2024ರಿಂದ ಕೇಂದ್ರದ ಜಲಶಕ್ತಿ ಸಚಿವರು ಸಿ.ಆರ್. ಪಾಟೀಲ, ಹುಟ್ಟಿದ್ದು ಮಹಾರಾಷ್ಟ್ರದಲ್ಲಿ, ಗೆದ್ದಿದ್ದು ಗುಜರಾತಿನ ನವಸಾರಿಯಲ್ಲಿ, ಪಟೇಲರ ನಾಡಿನಲ್ಲಿ ಒಬ್ಬ ಪಾಟೀಲ. ‘ಪಾಟೀಲರಿಗೆ ಮನವಿ’ ಎಂದು ಬರೆದ ಬ್ಯಾನರನ್ನು ಸರ್ಕಾರ ಬದಲಾದರೂ ಬದಲಿಸಬೇಕಾಗಿಲ್ಲ, ಬಟ್ಟೆಯ ಖರ್ಚು ಉಳಿಯುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಖುಷಿ ಕೊಟ್ಟಿದ್ದು 2018ರ ವಿಧಾನಸಭೆಯ ಸದಸ್ಯರ ಪಟ್ಟಿ. ಅದರಲ್ಲಿ ಪಾಟೀಲರು ಸಾಲು ಸಾಲಾಗಿದ್ದರು. ಸಿಂಧನೂರಿನಿಂದ ನಾಡಗೌಡರಿದ್ದರು. ಹಳಿಯಾಳದಿಂದ ದೇಶಪಾಂಡೆಯವರಿದ್ದರು. ಅವೂ ಹಳೆಯ ಹುದ್ದೆಗಳ ಹೆಸರುಗಳೇ. ಹಾವೇರಿಯಿಂದ ನೆಹರೂ ಓಲೇಕಾರರಿದ್ದರು. ಓಲೇಕಾರ ಎಂದರೆ ಓಲೆ ಒಯ್ಯುವವನು. ಪಾಟೀಲ ಹೇಳಿದ್ದನ್ನು ಕುಲಕರ್ಣಿ ಬರೆದು ಕೊಟ್ಟರೆ, ಅದನ್ನು ಹಿಡಿದು ಮುಂದಿನ ಊರಿಗೆ ನಡೆಯುವವನು. ಹಳೆಯ ಚಾವಡಿಯಲ್ಲಿ ಅವನು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ಸದನದಲ್ಲಿ ಎಲ್ಲರಿಗೂ ಒಂದೇ ಬಗೆಯ ಕುರ್ಚಿ. ಬರೆದುಕೊಳ್ಳುವವರು ನಡುವಿನಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ, ಅದು ಬದಲಾಗಿಲ್ಲ.

ನಮ್ಮ ಓಣಿಯಲ್ಲಿ ಪಾಟೀಲರ ಮನೆಗಳು ನಾಲ್ಕಿವೆ. ಕಳೆದ ತಿಂಗಳು ಕೊರಿಯರ್ ಹುಡುಗನೊಬ್ಬ ದೊಡ್ಡದೊಂದು ಪೆಟ್ಟಿಗೆ ಹೊತ್ತು ಬಿಸಿಲಲ್ಲಿ ನಿಂತಿದ್ದ. ವಿಳಾಸದಲ್ಲಿ ಪಾಟೀಲ ಎಂದಷ್ಟೇ ಇತ್ತು, ಮನೆಯ ನಂಬರು ಅಳಿಸಿಹೋಗಿತ್ತು. ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಿದ್ದ ಎದುರು ಮನೆಯ ಅಜ್ಜಿಯನ್ನು ಕೇಳಿದ.

“ಕಾಂಗ್ರೆಸ್ ಪಾಟೀಲರೋ, ಬಿಜೆಪಿ ಪಾಟೀಲರೋ?” ಎಂದರು ಅಜ್ಜಿ.

ಹುಡುಗ ಮೊಬೈಲ್ ನೋಡಿ ಹೇಳಿದ: “ಅದು ಗೊತ್ತಿಲ್ಲ ಅಜ್ಜಿ. ದುಡ್ಡು ಇನ್ನೂ ಕೊಟ್ಟಿಲ್ಲ, ಮನೆಗೆ ಬಂದ ಮೇಲೆ ಕೊಡುತ್ತೇನೆ ಎಂದಿದ್ದಾರೆ.”

ಅಜ್ಜಿ ತಲೆ ಎತ್ತದೆ ಶೇಂಗಾದ ಸಿಪ್ಪೆಯನ್ನು ಊದಿ ಹಾರಿಸಿದರು. “ಹಾಗಾದರೆ ಮೂರನೆಯ ಮನೆ.”