ಐರಿಶ್ ಲಕ್ ಎಲ್ಲಿ ಹೋಯ್ತು?

ನಮ್ಮ ಮನೆಯವರಿಗೆ ಒಂದು ಕಾಯಿಲೆ ಇದೆ. ಯಾವ ವಸ್ತು ಸೊಟ್ಟಗಿದ್ದರೂ ಅವರ ಕೈ ಸುಮ್ಮನಿರುವುದಿಲ್ಲ. ಗೋಡೆಯ ಫೋಟೋ, ಬಾಗಿಲ ಬಳಿಯ ಚಪ್ಪಲಿ, ಕಪಾಟಿನ ಪುಸ್ತಕ, ಬೇರೆಯವರ ಮನೆಯ ಕ್ಯಾಲೆಂಡರು, ಎಲ್ಲವೂ ಒಂದು ಸಲ ಅವರ ಕೈಯಲ್ಲಿ ನೆಟ್ಟಗಾಗಲೇಬೇಕು. ಇಷ್ಟು ವರ್ಷ ನಾನು ಸಹಿಸಿಕೊಂಡೆ. ಚಪ್ಪಲಿ ತಾನೇ, ಹೋಗಲಿ ಅಂತ. ಆದರೆ ಈ ಮಾರ್ಚ್ 17ರಂದು ಅವರು ನನ್ನ ಐರ್ಲೆಂಡನ್ನೇ ನೆಟ್ಟಗೆ ಮಾಡಿಟ್ಟರು. ಆವತ್ತು ಹೋದ ನೆಮ್ಮದಿ ಇನ್ನೂ ವಾಪಸ್ ಬಂದಿಲ್ಲ.

ಐರ್ಲೆಂಡು ಅಂದರೆ ದೇಶವಲ್ಲ. ಹಿತ್ತಲಲ್ಲಿ ಮರದ ಕೆಳಗೆ, ಬಿಸಿಲು ಜಾಸ್ತಿ ಬೀಳದ ಮೂಲೆಯಲ್ಲಿ ನಾನು ಬೆಳೆಸಿರುವ ಹೋಸ್ಟಾ ಪಾತಿ. ಹೋಸ್ಟಾವನ್ನು ಬೆಳೆಸುವುದು ಹೂವಿಗಲ್ಲ, ಎಲೆಗೆ. ನಮ್ಮತ್ತೆ ಮೊದಲ ಸಲ ನೋಡಿದಾಗ, "ಇಷ್ಟೊಂದು ಕೆಸು ಯಾಕಮ್ಮಾ ಹಾಕಿದೀಯ?" ಅಂದರು. "ಕೆಸು ಅಲ್ಲ ಅತ್ತೆ, ಇದು ಐರಿಶ್" ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು. "ಐರಿಶ್ ಕೆಸು" ಅಂದರು.

ನಿಜ ಹೇಳಬೇಕೆಂದರೆ ಅದು ಕೆಸುವೂ ಅಲ್ಲ, ಐರಿಶ್ ಕೂಡ ಅಲ್ಲ. ಹೋಸ್ಟಾದ ತವರು ಜಪಾನ್, ಕೊರಿಯಾ, ಚೀನಾ. 1830ರ ಸುಮಾರಿಗೆ ಜಪಾನಿನಿಂದ ಹಲವು ಬಗೆಗಳನ್ನು ಯೂರೋಪಿಗೆ ತಂದವನು ಸೀಬೋಲ್ಡ್ ಎಂಬ ಜರ್ಮನ್ ಡಾಕ್ಟರು. ಅದಕ್ಕೂ ಮೊದಲೇ, 1812ರಲ್ಲಿ, ಟ್ರಾಟಿನಿಕ್ ಎಂಬುವನು ಹೋಸ್ಟ್ ಎಂಬ ಆಸ್ಟ್ರಿಯಾದ ಡಾಕ್ಟರ ಗೌರವಕ್ಕೆ ಈ ಹೆಸರಿಟ್ಟಿದ್ದ. ಆಮೇಲೆ ಅಮೆರಿಕದವರು ಹಿಡಿದುಕೊಂಡರು. 1968ರಲ್ಲಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿದರು, ಸಾವಿರಾರು ತಳಿ ಬಂದವು. ಅಷ್ಟು ತಳಿಗೆ ಹೆಸರು ಎಲ್ಲಿಂದ ತರೋದು? ಇಲಿ, ದೇವತೆ, ತಿಂಗಳು, ತಿಂಡಿ, ಸಿಕ್ಕಿದ್ದೆಲ್ಲ ಹೆಸರಾಯಿತು. ಐರ್ಲೆಂಡು ಬಂದಿದ್ದೂ ಹಾಗೇ.

ನನ್ನ ಹತ್ತಿರ ನಿಜವಾಗಿ ಐರಿಶ್ ಹೆಸರಿರುವುದು ಎರಡೇ. 'ಐರಿಶ್ ಲಕ್', 'ಐರಿಶ್ ಬ್ರೀಜ್'. ಎರಡು ಗಿಡಕ್ಕೆ ಯಾರಾದರೂ ದೇಶ ಅಂತಾರಾ? ಅದಕ್ಕೆ ಉಳಿದವಕ್ಕೆ ನಾನೇ ಪೌರತ್ವ ಕೊಟ್ಟೆ. 'ಎಮರಾಲ್ಡ್ ಟಿಯಾರಾ' ಅಂದರೆ ಪಚ್ಚೆ ಕಿರೀಟ. ಐರ್ಲೆಂಡನ್ನು ಪಚ್ಚೆ ದ್ವೀಪ ಅಂತಾರಲ್ಲ, ಬಾ ಒಳಗೆ. 'ಗೋಲ್ಡ್ ಸ್ಟ್ಯಾಂಡರ್ಡ್'? ಕಾಮನಬಿಲ್ಲಿನ ಬುಡದಲ್ಲಿ ಚಿನ್ನದ ಗಡಿಗೆ ಬಚ್ಚಿಡುವ ಕುಳ್ಳ ಲೆಪ್ರಕಾನ್ ಐರಿಶ್ ಕಥೆಯವನು ತಾನೇ, ನೀನೂ ಬಾ. 'ಪ್ರೇಯಿಂಗ್ ಹ್ಯಾಂಡ್ಸ್' ಎಲೆಗಳು ಕೈ ಮುಗಿದ ಹಾಗೆ ಮಡಚಿಕೊಂಡು ಮೇಲಕ್ಕೆ ನಿಲ್ಲುತ್ತವೆ. ಅದು ಐರ್ಲೆಂಡನ್ನು ಕಾಯುವ ಸಂತ ಪ್ಯಾಟ್ರಿಕ್. 'ಬ್ಲೂ ಮೌಸ್ ಇಯರ್ಸ್'ಗೆ ಎಷ್ಟು ಯೋಚಿಸಿದರೂ ಕಾರಣ ಸಿಗಲಿಲ್ಲ. ಐರ್ಲೆಂಡಿನಲ್ಲೂ ಇಲಿ ಇರುತ್ತೆ ಅಂತ ಸೇರಿಸಿಕೊಂಡೆ.

ಈ ಇಲಿಕಿವಿಯ ಕಥೆ ಆಗಲೇ ಎಚ್ಚರಿಕೆ ಕೊಟ್ಟಿತ್ತು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ. ನೀಲಿ ಹೋಸ್ಟಾದ ನೀಲಿ ಎಲೆಯೊಳಗಿನ ಬಣ್ಣವಲ್ಲ. ಹಸಿರು ಎಲೆಯ ಮೇಲೆ ಮೇಣದ ತೆಳು ಪದರ ಇರುತ್ತದೆ, ಅದರಿಂದ ನೀಲಿ ಕಾಣುತ್ತದೆ. ಬೆರಳಿಟ್ಟರೆ ಬೆರಳಿನ ಗುರುತು ಉಳಿಯುತ್ತದೆ. ಹೋದ ವರ್ಷ ಒಂದು ಭಾನುವಾರ ನಾನು ಆಚೆ ಬಂದು ನೋಡಿದರೆ ಇವರು ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದಾರೆ. "ಎಷ್ಟು ಧೂಳು ಕೂತಿತ್ತು ಕಣೇ. ನೋಡು, ಈಗ ಹೇಗೆ ಹಸಿರಾಗಿದೆ!" ಪುಟಾಣಿ ಗಿಡ, ಒಂದು ಎಲೆಯನ್ನೂ ಬಿಟ್ಟಿರಲಿಲ್ಲ. ಆ ವರ್ಷವೆಲ್ಲ ನಮ್ಮ ಇಲಿಗೆ ನೀಲಿ ಕಿವಿ ಇರಲಿಲ್ಲ.

ಈಗ ಮಾರ್ಚ್ 17ಕ್ಕೆ ಬರೋಣ. ಹೋಸ್ಟಾಕ್ಕೆ ಚಳಿಗಾಲದ ನಿದ್ದೆ ಬೇಕೇಬೇಕು. ಚಳಿ ಬಂದರೆ ಎಲೆ ಹಳದಿಯಾಗಿ, ಕೊಳೆತು, ಮಾಯ. ಗಿಡವೆಲ್ಲ ಮಣ್ಣೊಳಗೆ. ಮೇಲೆ ಉಳಿಯುವುದು ಲೇಬಲ್ ಮಾತ್ರ. ಬಿಳಿ ಪ್ಲಾಸ್ಟಿಕ್ ಪಟ್ಟಿಗಳು ಅಲ್ಲೊಂದು ಇಲ್ಲೊಂದು ಸೊಟ್ಟಗೆ ನಿಂತಿರುತ್ತವೆ, ಇಲಿಗಳ ಸ್ಮಶಾನದ ಹಾಗೆ. ಆದರೆ ಬೆಳೆಸಿದವಳಿಗೆ ಗೊತ್ತು, ಪ್ರತಿ ಪಟ್ಟಿಯ ಹಿಂದೆ ನಾಲ್ಕು ಬೆರಳು ದೂರದಲ್ಲಿ ಒಂದು ಜೀವ ಮಲಗಿದೆ. ಆ ದಿನ ಐರಿಶರ ಸಂತ ಪ್ಯಾಟ್ರಿಕ್ ಹಬ್ಬ. ಖಾಲಿ ಮಣ್ಣಿನ ಫೋಟೋ ತೆಗೆದು, "ನಮ್ಮ ಐರಿಶರು ಇನ್ನೂ ಎದ್ದಿಲ್ಲ" ಅಂತ ಗೆಳತಿಯರಿಗೆ ಕಳಿಸಬೇಕು ಅಂತ ಹಿಂದಿನ ರಾತ್ರಿ ಬಾಯಿತಪ್ಪಿ ಹೇಳಿಬಿಟ್ಟಿದ್ದೆ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ಎಲ್ಲ ಲೇಬಲ್ ಕಿತ್ತು ಬಕೆಟ್ಟಿಗೆ ಹಾಕಿ, ಸೋಪಿನ ನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ವಾಪಸ್ ನೆಟ್ಟಿದ್ದರು. ಸುಮ್ನೆ ನೆಟ್ಟಿರಲಿಲ್ಲ. ದಾರ ಕಟ್ಟಿ, ಟೇಪು ಹಿಡಿದು, ಒಂದಕ್ಕೊಂದು ಒಂದೂವರೆ ಅಡಿ ಅಂತರದಲ್ಲಿ, ಸೈನಿಕರ ಕವಾಯತಿನ ಹಾಗೆ ಒಂದೇ ಸಾಲಿನಲ್ಲಿ ನೆಟ್ಟಿದ್ದರು. ಎಲ್ಲವೂ ಒಂದೇ ಎತ್ತರ. ಎಲ್ಲದರ ಮುಖವೂ ಒಂದೇ ಕಡೆ.

"ಫೋಟೋ ಚೆನ್ನಾಗಿ ಬರಲಿ ಅಂತ" ಅಂದರು.

ನಾನು ಮಾತಾಡಲಿಲ್ಲ. ಮಾತು ಬರಲಿಲ್ಲ ಅಂದರೆ ಸರಿ.

"ರೀ, ಯಾವುದು ಎಲ್ಲಿತ್ತು ಅಂತ ಬರೆದಿಟ್ಟುಕೊಂಡ್ರಾ?"

"ಯಾವುದು?"

"ಗಿಡ!"

ಅವರು ಖಾಲಿ ಮಣ್ಣನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮಣ್ಣನ್ನು ನೋಡಿದರು. "ಗಿಡ ಎಲ್ಲಿದೆ? ಎಲ್ಲ ಸತ್ತುಹೋಗಿದೆ ಅಂದುಕೊಂಡೆ. ಹೆಸರಾದರೂ ಇರಲಿ ಅಂತ ತೊಳೆದೆ." ಆಮೇಲೆ ತಮ್ಮ ಸಮಾಧಾನಕ್ಕೆ ಸೇರಿಸಿದರು, "ಅಕ್ಷರ ಮಾಲೆ ಪ್ರಕಾರ ಇಟ್ಟಿದೀನಿ, ಹುಡುಕೋಕೆ ಸುಲಭ."

ಇನ್ನೊಂದು ವಿಷಯ. ನಾನು ಲೇಬಲ್ ಬರೆಯುವುದು ಅಳಿಸಲಾಗದ ಶಾಯಿಯ ಮಾರ್ಕರಿನಲ್ಲಿ. ಹಾಗಂತ ಅದರ ಮೇಲೆ ಬರೆದಿರುತ್ತದೆ, ಅಷ್ಟೇ. ಬಿಸಿಲಿಗೆ ಅರ್ಧ ಹೋಗಿತ್ತು, ಬ್ರಷ್ಷಿಗೆ ಉಳಿದರ್ಧ ಹೋಯಿತು. ಓದಲು ಬರುವಂತೆ ಉಳಿದಿದ್ದು ಒಂದೇ, ಪೆನ್ಸಿಲಿನಲ್ಲಿ ಬರೆದದ್ದು: 'ಐರಿಶ್ ಲಕ್'.

ಏಪ್ರಿಲಿನಲ್ಲಿ ಮೊಳಕೆ ಬಂತು. ಹೋಸ್ಟಾ ಮೊಳಕೆ ನೋಡಿದೀರಾ? ಚೂಪಾಗಿ ಸುತ್ತಿಕೊಂಡು, ಪೆನ್ಸಿಲಿನ ತುದಿ ಮಣ್ಣಿನಿಂದ ಇಣುಕಿದ ಹಾಗೆ. ನೋಡೋಕೆ ಬಹಳ ಚೆಂದ. ಆದರೆ ಎಲ್ಲ ಒಂದೇ ಥರ! ಒಂದೂ ಲೇಬಲ್ ಪಕ್ಕದಲ್ಲಿ ಬರಲಿಲ್ಲ. ಗಿಡಗಳಿಗೆ ಟೇಪು, ದಾರ ಗೊತ್ತಿಲ್ಲವಲ್ಲ. ಎಲೆ ಬಿಚ್ಚಲಿ, ಗುರುತು ಹಿಡಿಯೋಣ ಅಂತ ಕಾದೆ. 'ಪ್ರೇಯಿಂಗ್ ಹ್ಯಾಂಡ್ಸ್' ಮೊದಲೇ ಕೈ ಮುಗಿದು ಶರಣಾಯಿತು. ಇಲಿಕಿವಿ ತನ್ನ ಗಾತ್ರದಿಂದಲೇ ಸಿಕ್ಕಿಬಿತ್ತು. 'ಗೋಲ್ಡ್ ಸ್ಟ್ಯಾಂಡರ್ಡ್' ಮಾತ್ರ ಮಹಾ ಕಳ್ಳ. ಎಲೆ ಬಿಚ್ಚುವಾಗ ಹಸಿರು, ವಾರಗಳು ಕಳೆದ ಮೇಲೆ ನಿಧಾನಕ್ಕೆ ಹೊಂಬಣ್ಣ. ಲೆಪ್ರಕಾನ್ ಚಿನ್ನವನ್ನು ಅಷ್ಟು ಸುಲಭಕ್ಕೆ ತೋರಿಸ್ತಾನಾ? ಹೋದ ವರ್ಷ ಬುಡ ಒಡೆದು ಬೇರೆ ಮಾಡಿದ ಮರಿಗಳಂತೂ ಇನ್ನೂ ಕಷ್ಟ. ಎಳೆಯ ಹೋಸ್ಟಾ ತನ್ನ ನಿಜವಾದ ಎಲೆ ತೋರಿಸೋಕೆ ವರ್ಷಗಳೇ ಹಿಡಿಯುತ್ತವೆ.

ಇದರ ಮಧ್ಯೆ ಸ್ಲಗ್‌ಗಳು. ಗೊತ್ತಲ್ಲ, ಮನೆ ಮಾರಿಕೊಂಡ ಬಸವನಹುಳು. ಹಗಲೆಲ್ಲ ಒದ್ದೆ ಮಣ್ಣಲ್ಲಿ ಅಡಗಿದ್ದು, ರಾತ್ರಿ ಬಂದು ಎಲೆಗೆ ಜರಡಿಯ ಹಾಗೆ ತೂತು ಹಾಕುತ್ತವೆ. ನಮ್ಮ 'ಲಕ್' ಗಿಡಕ್ಕೇ ಪ್ರತಿವರ್ಷ ಮೊದಲ ತೂತು. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೆ ಗತಿಯಿಲ್ಲ. ಐರ್ಲೆಂಡಿನ ಹಾವುಗಳನ್ನೆಲ್ಲ ಸಂತ ಪ್ಯಾಟ್ರಿಕ್ ಓಡಿಸಿದ ಅಂತ ಒಂದು ಕಥೆ ಇದೆ. ಹಾವು ಎಲೆ ತಿನ್ನುತ್ತಾ? ಅಷ್ಟು ದೂರ ಬಂದವನು ಇವನ್ನೂ ಓಡಿಸಬಾರದಿತ್ತಾ? ಅಲ್ಲಿ ನೋಡಿದರೆ ಕೆರ್ರಿ ಸ್ಲಗ್ ಅಂತ, ಮೈಮೇಲೆ ಚುಕ್ಕಿ ಇರುವ ಒಂದು ಹುಳುವಿಗೆ ಕಾನೂನಿನ ರಕ್ಷಣೆಯೇ ಇದೆಯಂತೆ. ಪಾಪ, ಅದು ಕಲ್ಲುಹೂವು, ಪಾಚಿ ತಿಂದುಕೊಂಡು ಕಾಡಲ್ಲಿರುವ ಸಂಭಾವಿತ ಹುಳು. ನಮ್ಮಲ್ಲಿರುವವಕ್ಕೆ ಆ ಸಂಸ್ಕಾರ ಇಲ್ಲ.

ಹಾಗಾಗಿ ನನ್ನ ರಾತ್ರಿಗಳು ಹೀಗೆ: ಅಂಗಾತ ಮಲಗಿ, ತಲೆ ಹಿಂದಕ್ಕೆ ಬಗ್ಗಿಸಿ, ಎಲೆಯ ತಳಕ್ಕೆ ಟಾರ್ಚು. ಐರ್ಲೆಂಡಿನ ಕಾರ್ಕ್ ಹತ್ತಿರ ಬ್ಲಾರ್ನಿ ಕೋಟೆ ಇದೆ. ಅಲ್ಲಿಗೆ ಹೋದವರು ಕಂಬಿ ಹಿಡಿದು, ಹೀಗೇ ಅಂಗಾತ ಬಾಗಿ, ಗೋಡೆಯ ಒಂದು ಕಲ್ಲಿಗೆ ಮುತ್ತಿಡುತ್ತಾರೆ. ಮುತ್ತಿಟ್ಟರೆ ಮಾತಿನ ಮಲ್ಲರಾಗುತ್ತಾರಂತೆ. ನನಗೂ ಆ ಭಂಗಿಯಲ್ಲಿ ಮಾತು ಚೆನ್ನಾಗಿಯೇ ಬರುತ್ತದೆ. ಇವರಿಗೆ ಕೇಳಿಸದಿದ್ದರೆ ಸಾಕು.

ಪೆನ್ಸಿಲಿನ ಆ ಲೇಬಲ್ ವಿಷಯ ಹೇಳಿದೆನಲ್ಲ. ಅದು ನನ್ನ ಅಕ್ಷರ ಅಲ್ಲ. ಮೊದಲ ಹೋಸ್ಟಾ ಕೊಟ್ಟ ನೆರೆಮನೆಯ ಅಕ್ಕನದು. ಸಲಿಕೆಯಿಂದ ತಮ್ಮ ಗಿಡದ ಬುಡವನ್ನು ಎರಡು ಹೋಳು ಮಾಡಿ, ಮೂರು ಕಣ್ಣಿರುವ ತುಂಡನ್ನು ಒದ್ದೆ ಪೇಪರಿನಲ್ಲಿ ಸುತ್ತಿಕೊಟ್ಟಿದ್ದರು. "ಪೆನ್ಸಿಲಲ್ಲೇ ಬರಿ, ಅದೇ ಉಳಿಯೋದು" ಅಂದಿದ್ದರು. ನಾನು ಕೇಳಲಿಲ್ಲ. ಅಕ್ಕ ಹೋಗಿ ಮೂರು ವರ್ಷವಾಯಿತು. ಈಗ ಅವರ ಅಕ್ಷರ ಸಾಲಿನ ಮಧ್ಯದಲ್ಲಿ, ಏನೂ ಮೊಳೆಯದ ಮಣ್ಣಿನ ಮೇಲೆ ನೆಟ್ಟಗೆ ನಿಂತಿದೆ. ಅವರ ಗಿಡ ಇಲ್ಲೇ ಎಲ್ಲೋ ಬೇರೆಯವರ ಪಕ್ಕದಲ್ಲಿ ಇದೆ. ನೀರು ಹಾಕುವಾಗ ಆ ಖಾಲಿ ಜಾಗಕ್ಕೂ ಒಂದು ಚೊಂಬು ಹಾಕುತ್ತೇನೆ. ಇವರು ನೋಡುತ್ತಾರೆ, ಏನೂ ಅನ್ನುವುದಿಲ್ಲ.

ಅದನ್ನು ನೋಡಿಯೇ ಇರಬೇಕು, ವಾರದಿಂದ ಇವರೂ ಟಾರ್ಚು ಹಿಡಿದು ಇಳಿದಿದ್ದಾರೆ. "ಆ ಲಕ್ ಹೇಗಿರುತ್ತೆ, ಗುರುತು ಹೇಳು" ಅಂದರು. "ಕಡು ಹಸಿರು. ಎಲೆ ಪಳಪಳ ಹೊಳೆಯುತ್ತೆ" ಅಂದೆ.

ನಿನ್ನೆ ರಾತ್ರಿ ನನಗೆ ಆಗಷ್ಟೇ ನಿದ್ದೆ ಹತ್ತಿತ್ತು. ಹಿತ್ತಲಿನಿಂದ ಕೂಗು. "ಸಿಕ್ತು ಕಣೇ! ಲಕ್ ಸಿಕ್ತು! ಬಾ ಬೇಗ!" ಎಡಗಾಲಿಗೆ ಬಲಗಾಲಿನ ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಇವರು ಮಂಡಿಯೂರಿ ಕೂತು ಟಾರ್ಚು ಬಿಟ್ಟಿದ್ದರು. ನಿಜ, ಎಲೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಬೆರಳಿಟ್ಟು ನೋಡಿದೆ. ಅಂಟಂಟು. ಆ ಹೊಳಪಿನ ಜಾಡನ್ನು ಟಾರ್ಚಿನಲ್ಲಿ ಹಿಂಬಾಲಿಸಿದೆವು. 'ಎಮರಾಲ್ಡ್ ಟಿಯಾರಾ'ದ ಒಂದು ಎಲೆ ದಾಟಿ, ಎರಡನೆಯದು ದಾಟಿ, ಮೂರನೆಯ ಎಲೆಯ ಅಂಚಿನಲ್ಲಿ ಅದು ಕೂತು ಆರಾಮಾಗಿ ಮೇಯುತ್ತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಆಮೇಲೆ ಇವರು ಕೈ ಚಾಚಿದರು. ಹುಳು ಹಿಡಿಯುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಸ್ವಲ್ಪ ವಾಲಿದ್ದ ಲೇಬಲನ್ನು ನೆಟ್ಟಗೆ ಮಾಡಿದರು.