ಮೂರು ಸಲ ಸಿಂಕ್

1990ರ ಸುಮಾರಿಗೆ ನಾನು ಮೈಸೂರಿನಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದ ಮಂಡ್ಯದ ಬೆಲ್ಲದ ಮಂಡಿಗೆ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡಿಸುವ ಮಿನಿ ಕಂಪ್ಯೂಟರೊಂದು ಬಂದಿಳಿಯಿತು. ಕೋಣೆ ತುಂಬುವ ಮೇನ್‌ಫ್ರೇಮ್‌ಗಳ ಎದುರು 1960ರ ದಶಕದಲ್ಲಿ ಇಂಥವನ್ನು ಮಿನಿ ಎಂದು ಕರೆದರಷ್ಟೇ. ನಮ್ಮ ಪಾಲಿಗೆ ಅದು ಯಜಮಾನರ ತಿಜೋರಿಯಷ್ಟೇ ದೊಡ್ಡದಿತ್ತು. ತಿಜೋರಿಗೆ ಒಂದು ಕೀಲಿ ಸಾಕಾಗಿತ್ತು. ಇದಕ್ಕೆ ಏಸಿ ಬೇಕು, ಯುಪಿಎಸ್ ಬೇಕು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರುವ ಮಡಿಯೂ ಬೇಕು. ನಾನು ಅದರ ಆಪರೇಟರ್, ಅಂದರೆ ಅರ್ಚಕ.

ಎಬ್ಬಿಸುವುದು ಕಷ್ಟವಿರಲಿಲ್ಲ. ಸ್ವಿಚ್ ಒತ್ತಿದರೆ ಡಿಸ್ಕು ಗುಂಯ್‌ಗುಟ್ಟುತ್ತ ವೇಗ ಹಿಡಿಯುತ್ತಿತ್ತು, ಪರದೆಯ ಮೇಲೆ ಹಸಿರು ಸಾಲುಗಳು ಏರುತ್ತಿದ್ದವು, ಕೊನೆಗೆ ಅದು ಇವತ್ತು ಯಾವ ದಿನ ಎಂದು ಕೇಳುತ್ತಿತ್ತು. ಏಪ್ರಿಲ್ 5ರಂದು ನಾನು ನಮ್ಮ ರೂಢಿಯಂತೆ ಮೊದಲು ದಿನ, ಆಮೇಲೆ ತಿಂಗಳು ಎಂದು 0504 ಒತ್ತಿದೆ. ಅದೋ, ತಿಂಗಳನ್ನು ಮೊದಲು ಓದುವ ಜಾತಿ. ಹೀಗಾಗಿ ಮಂಡಿಯಲ್ಲಿ ಅಂದು ಮೇ 4 ಆಯಿತು. ಸಾಲ ಪಡೆದಿದ್ದ ಗಿರಾಕಿಗಳ ಮೇಲೆಲ್ಲ 29 ದಿನಗಳ ಬಡ್ಡಿ ಒಂದೇ ಬೆಳಗಿಗೆ ಏರಿತು. ಬಿಲ್ಲು ನೋಡಿ ಗಿರಾಕಿಗಳು ಕೂಗಾಡಿದರು. ಯಜಮಾನರು ಮಾತ್ರ, ಯಂತ್ರ ಸುಳ್ಳು ಹೇಳುವುದಿಲ್ಲವಲ್ಲ ಎಂದು ಕೊಂಚ ಹೊತ್ತು ಆಸೆಗಣ್ಣಿನಿಂದ ನೋಡಿದರು.

ಟರ್ಮಿನಲ್‌ಗಳನ್ನು, ಅಂದರೆ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಪರದೆ-ಕೀಲಿಮಣೆಗಳನ್ನು, ಹೊಂದಿಸುವುದು ಇನ್ನೊಂದು ಪಾಡು. ನಾಲ್ಕರಲ್ಲಿ ಮೂರು ಸರಿಯಾಗಿ ಮಾತಾಡಿದವು. ಗುಮಾಸ್ತ ರಾಯರ ಮೇಜಿನ ನಾಲ್ಕನೆಯದು ಮೊದಲೆರಡು ದಿನ ಮೌನವ್ರತದಲ್ಲಿತ್ತು. ಕೇಬಲ್ಲಿನ 2 ಮತ್ತು 3ನೇ ಪಿನ್ನುಗಳು ಅದಲುಬದಲಾಗಬೇಕಿದ್ದುದರಿಂದ ಎರಡೂ ಕಡೆಯವರು ಒಂದೇ ತಂತಿಯಲ್ಲಿ ಮಾತಾಡುತ್ತಿದ್ದರು, ಇನ್ನೊಂದರಲ್ಲಿ ಇಬ್ಬರೂ ಕಿವಿಗೊಟ್ಟು ಕಾಯುತ್ತಿದ್ದರು. ಅದನ್ನು ಬೆಸುಗೆ ಹಾಕಿ ಸರಿಪಡಿಸಿದ ಮೇಲೆ ಕಂಪ್ಯೂಟರ್ 9600ರ ವೇಗದಲ್ಲಿ, ಟರ್ಮಿನಲ್ 1200ರ ವೇಗದಲ್ಲಿ ಕುಳಿತಿದ್ದರಿಂದ ಪರದೆಯ ತುಂಬ ಚಿತ್ರವಿಚಿತ್ರ ಚಿಹ್ನೆಗಳು ಸುರಿದವು. ರಾಯರು ಕನ್ನಡಕ ಏರಿಸಿ, ‘ಇದು ಹಳಗನ್ನಡವೇನಪ್ಪ?’ ಎಂದು ಗಂಭೀರವಾಗಿಯೇ ಕೇಳಿದರು.

ಆದರೆ ನಮ್ಮನ್ನು ನಿಜಕ್ಕೂ ಅಳಿಸಿದ್ದು ಯಂತ್ರವನ್ನು ಮಲಗಿಸುವ ಕೆಲಸ. ಯುನಿಕ್ಸ್ ನಾವು ಬರೆದದ್ದನ್ನು ಆ ಕ್ಷಣವೇ ಡಿಸ್ಕಿಗೆ ಇಳಿಸುವುದಿಲ್ಲ. ಒಂದಿಷ್ಟನ್ನು ಮೆಮೊರಿಯಲ್ಲೇ ಇಟ್ಟುಕೊಂಡು, ಹೋಟೆಲ್ ಮಾಣಿ ನಾಲ್ಕು ಮೇಜಿನ ಆರ್ಡರನ್ನು ಒಟ್ಟಿಗೆ ಅಡುಗೆಮನೆಗೆ ಕೂಗುವ ಹಾಗೆ, ಬಿಡುವಾದಾಗ ಬರೆಯುತ್ತದೆ. ಆದ್ದರಿಂದ ಎಲ್ಲರನ್ನೂ ಹೊರಗೆ ಕಳಿಸಿ, ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಡಿಸ್ಕಿಗೆ ಬರೆ ಎನ್ನುವ ಸಿಂಕ್ ಎಂಬ ಆಜ್ಞೆ ಕೊಟ್ಟು, ಶಟ್‌ಡೌನ್ ಮಾಡಿ, ನಿಂತೆ ಎಂದು ಅದು ತಾನಾಗಿ ಹೇಳಿದ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಬೇಕು. ಒಂದು ಸಂಜೆ ನಾನು ಕಾಫಿಗೆಂದು ಎದ್ದುಹೋಗಿ ಬರುವಷ್ಟರಲ್ಲಿ ಕೋಣೆ ಕತ್ತಲಾಗಿತ್ತು.

‘ಸುಮ್ಕೆ ಕರೆಂಟು ಉರೀತಿತ್ತು ಸಾ, ಆರ್ಸ್‌ಬುಟ್ಟೆ’ ಎಂದ ಜವಾನನ ಮುಖದಲ್ಲಿ ಮಂಡಿಯ ದುಡ್ಡು ಉಳಿಸಿದ ಸಂತೃಪ್ತಿಯಿತ್ತು.

ಮರುದಿನ ಯಂತ್ರ ತನ್ನ ಡಿಸ್ಕನ್ನು ತಾನೇ ಐದು ಹಂತಗಳಲ್ಲಿ ತಪಾಸಣೆಗೆ ಒಳಪಡಿಸಿಕೊಳ್ಳುತ್ತ, ಒಂದೊಂದು ದೋಷಕ್ಕೂ ತಿದ್ದಲೇ ಎಂದು ನನ್ನ ಅಪ್ಪಣೆ ಬೇಡತೊಡಗಿತು. ಗೊತ್ತಿಲ್ಲದ ಕಾಗದಕ್ಕೆ ರುಜು ಹಾಕುವವನಂತೆ ನಾನು ಹೌದೆನ್ನುವ ‘ವೈ’ ಒತ್ತುತ್ತಲೇ ಹೋದೆ. ಹೊರಗೆ ಗಾಡಿಗಳಿಂದ ಇಳಿದ ಅಚ್ಚುಬೆಲ್ಲಕ್ಕೆ ನೊಣ ಮುತ್ತುತ್ತಿತ್ತು, ರಾಯರು ಹಳೆಯ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕವನ್ನು ಸದ್ದಿಲ್ಲದೆ ಬಿಚ್ಚಿಟ್ಟುಕೊಂಡಿದ್ದರು. ಹಿಂದಿನ ದಿನದ ಬಿಲ್ಲುಗಳಲ್ಲಿ ಕೆಲವು ಹೆಸರು ಕಳೆದುಕೊಂಡು, ಬರೀ ನಂಬರು ಹೊತ್ತು, ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಅನಾಥಾಲಯದಲ್ಲಿ ಸಿಕ್ಕಿದವು. ಯಾವ ಮಗು ಯಾರದೆಂದು ಗುರುತಿಸಲು ಸಂಜೆಯಾಯಿತು.

ಅಂದೇ ಜವಾನನನ್ನು ಕೂರಿಸಿಕೊಂಡು ಪಾಠ ಹೇಳಿದೆ. ಸಿಂಕ್ ಅನ್ನು ಮೂರು ಸಲ ಕೊಡುವುದು ಆಗಿನ ಆಪರೇಟರುಗಳ ಸಂಪ್ರದಾಯ. ಬರೆಯುವುದು ಮುಗಿಯುವ ಮುನ್ನವೇ ಅದು ಮುಗಿಯಿತೆಂಬಂತೆ ಮರಳಿಬಿಡುತ್ತಿದ್ದುದರಿಂದ, ಉಳಿದೆರಡನ್ನು ಟೈಪಿಸುವಷ್ಟು ಹೊತ್ತು ಡಿಸ್ಕಿಗೆ ಸಿಗಲಿ ಎಂಬುದು ಅದರ ಗುಟ್ಟು. ಇಷ್ಟನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆಯಿಲ್ಲದೆ, ತೀರ್ಥ ಮೂರು ಸಲ ತೆಗೆದುಕೊಳ್ಳುತ್ತೇವಲ್ಲ, ಹಾಗೆ ಎಂದುಬಿಟ್ಟೆ. ಅವನಿಗೆ ತಕ್ಷಣ ಅರ್ಥವಾಯಿತು. ಆಯುಧಪೂಜೆಯ ಹಿಂದಿನ ಸಂಜೆ ನಾನು ರಜೆಯಲ್ಲಿದ್ದಾಗ ಎದುರುಮನೆಯವರ ಫೋನಿಗೆ ಅವನ ಕರೆ ಬಂತು.

‘ಮೂರು ಸಲವೂ ಆಯ್ತು ಸಾ. ಈಗ ಕೈಯ ತಲೆಗೆ ಒರೆಸ್ಕೊಂಡು ಆಮೇಲೆ ಆರ್ಸದೋ, ಆರ್ಸ್‌ಬುಟ್ಟು ಒರೆಸ್ಕೊಳ್ಳದೋ?’